ಬಾರದವನ ನಿಮಿಷ

ಕೊಪ್ಪ, ಮದ್ದೂರು ತಾಲ್ಲೂಕು
4 ಆಗಸ್ಟ್ 2024

ಹುಚ್ಚೀರಣ್ಣನಿಗೆ ವನಜಾಳ ನಮಸ್ಕಾರಗಳು.

ಯಾವ ವನಜಾ ಎಂದು ತಲೆ ಕೆರೆದುಕೊಳ್ಳಬೇಡಿ. ಕೊಪ್ಪದ ಮರಿಯಯ್ಯನವರ ಮಗಳು, ನಿಮ್ಮ ಜೊತೆ ಸೈಕಲ್ ರೇಸಿಗೆ ಬರುತ್ತಿದ್ದ ಸಿದ್ದರಾಜುವಿನ ತಂಗಿ. ನೀವು ಕಿರುಗಾವಲಿನಿಂದ ಅಷ್ಟು ದೂರ ತುಳಿದುಕೊಂಡು ನಮ್ಮ ಮನೆಗೆ ಬಂದಾಗಲೆಲ್ಲ ಎರಡು ಜಡೆ ಹಾಕಿಕೊಂಡು ಪಂಪು ಹಿಡಿದು ನಿಲ್ಲುತ್ತಿದ್ದೆನಲ್ಲ, ಅವಳು. ಈಗ ಐವತ್ತು ದಾಟಿದೆ. ಊರಿನ ಶಾಲೆಯಲ್ಲೇ ಟೀಚರ್, ಸದ್ಯಕ್ಕೆ ರಜೆ ಹಾಕಿದ್ದೇನೆ. ನಿಮ್ಮ ಹುಬ್ಬಳ್ಳಿಯ ವಿಳಾಸವನ್ನು ಕಿರುಗಾವಲಿನ ನಿಮ್ಮ ದೊಡ್ಡಪ್ಪನ ಮಗ ಚಿಕ್ಕಣ್ಣನವರು ಕೊಟ್ಟರು.

ರಜೆ ಹಾಕಿದ್ದಕ್ಕೆ ಕಾರಣ ಅಣ್ಣ. ಮಾರ್ಚಿನಲ್ಲಿ ಅವನಿಗೆ ಲಕ್ವ ಹೊಡೆಯಿತು. ಬಲಗಡೆ ಪೂರ್ತಿ ಬಿದ್ದುಹೋಗಿದೆ, ಮಾತು ನಿಂತಿದೆ. ಅತ್ತಿಗೆ ಹೋಗಿ ಆರು ವರ್ಷವಾಯಿತು, ಮಗಳು ಶ್ವೇತ ಮಂಡ್ಯಕ್ಕೆ ಕೆಲಸಕ್ಕೆ ಹೋಗುತ್ತಾಳೆ, ಹಗಲೆಲ್ಲ ನಾನೇ. ಒಂದು ವಿಚಿತ್ರ ಕೇಳಿ. ನೀರು ಎನ್ನಲು ಬಾರದವನಿಗೆ ಎಣಿಸಲು ಮಾತ್ರ ಬರುತ್ತದೆ. ಅದೂ ಹಿಂದುಮುಂದಾಗಿ. ಐದು, ನಾಲ್ಕು, ಮೂರು, ಎರಡು, ಒಂದು. ಆಮೇಲೆ ಬಾಗಿಲ ಕಡೆ ನೋಡುತ್ತಾನೆ.

ಈಗ ವಿಷಯಕ್ಕೆ ಬರುತ್ತೇನೆ. ಅವನ ಸೈಕಲ್ ರಿಪೇರಿ ಅಂಗಡಿ ಮುಚ್ಚಿದೆ. ಒಳಗೆ ಗೋಡೆಗೆ ಆ ರೇಸ್ ಸೈಕಲ್ ನೇತುಹಾಕಿದೆ, ಹಳೇ ಕಂಬಳಿ ಹೊದಿಸಿ. ಮಂಡ್ಯದಿಂದ ಪ್ರೀತಂ ಎನ್ನುವ ಕಾಲೇಜು ಮೇಷ್ಟ್ರು ಒಬ್ಬರು ಬಂದಿದ್ದರು. ಸೈಕಲ್ ತುಳಿಯುವವರ ಸಂಘ ಕಟ್ಟಿದ್ದಾರಂತೆ. ಮೂವತ್ತು ವರ್ಷಕ್ಕಿಂತ ಹಳೆಯ ಸೈಕಲ್ಲುಗಳದ್ದೇ ಒಂದು ಓಟ ಮಾಡುತ್ತಾರಂತೆ, ನೀವು ಓಡಿದ ಮದ್ದೂರು–ಮಳವಳ್ಳಿ ರಸ್ತೆಯಲ್ಲೇ, ನೀವು ಓಡಿದ ಹಾಗೆ ಒಬ್ಬೊಬ್ಬರಾಗಿ, ಗಡಿಯಾರದ ಮೇಲೆ. ನಮ್ಮ ಸೈಕಲ್ ನೋಡಿ ಆ ಮನುಷ್ಯ ಕೈ ಮುಗಿಯುವುದೊಂದು ಬಾಕಿ. ಕಂಬಳಿ ಸರಿಸಿದ್ದೇ ತಡ, ಅಣ್ಣ ಎಡಗೈ ಎತ್ತಿ ಕೂಗಿದ ಕೂಗಿಗೆ ಬೀದಿಯವರೆಲ್ಲ ಬಂದರು.

ಕೊಡಲೋ ಬೇಡವೋ ತಿಳಿಯುತ್ತಿಲ್ಲ. ಮಾತು ಇದ್ದಾಗ ಅವನು ಹೇಳುತ್ತಿದ್ದ: "ಈ ಸೈಕಲ್ ಕತೆ ನಂಗಿಂತ ಹುಚ್ಚೀರಂಗೇ ಚೆನ್ನಾಗ್ ಗೊತ್ತು ಕಣಮ್ಮ." ಅದನ್ನು ಬರೆದು ಕಳಿಸುತ್ತೀರಾ? ಫೋನು ಬೇಡ. ಫೋನಿನಲ್ಲಿ ದನಿ ಕೇಳಿದರೆ ಉತ್ತರ ಕೊಡಲಾಗದೆ ಅಳುತ್ತಾನೆ. ಕಾಗದವಾದರೆ ನಿಧಾನವಾಗಿ ಓದಿ ಹೇಳಬಹುದು, ಬೇಕೆಂದರೆ ಹತ್ತು ಸಲ.

ಇತಿ,
ವನಜಾ


ಹುಬ್ಬಳ್ಳಿ
19 ಆಗಸ್ಟ್ 2024

ತಂಗಿ ವನಜಾಗೆ ಹುಚ್ಚೀರಯ್ಯನ ಆಶೀರ್ವಾದಗಳು.

ನಿನ್ನ ಕಾಗದ ಓದಿ ಎರಡು ದಿನ ಊಟ ಸೇರಲಿಲ್ಲ. ಸಿದ್ದನಿಗೆ ಲಕ್ವವೇ? ಆ ಕಾಲುಗಳಿಗೆ? ನನ್ನ ಹೆಂಡತಿ ಚಿಕ್ಕಲಕ್ಷ್ಮಮ್ಮ "ಯಾರ ಕಾಗ್ದ, ಯಾಕಿಂಗೆ ಕುಂತಿದ್ದೀರಿ" ಎಂದು ಕೇಳಿದಳು. ಹೇಳಿದೆ. ಅವಳು ಕಣ್ಣೊರೆಸಿಕೊಂಡಳು. ನಾನು ಮೂಗು ಒರೆಸಿಕೊಂಡೆ.

ಸೈಕಲ್ ಕತೆ ಸಿದ್ದನಿಗೆ ಓದಿ ಹೇಳು. ಲೇ ಸಿದ್ದ, ತಪ್ಪಿದ್ದರೆ ಎಡಗೈ ಎತ್ತು.

ಎಂಬತ್ತೈದನೇ ಇಸವಿ. ಮೈಸೂರಿನ ಲಷ್ಕರ್ ಮೊಹಲ್ಲಾದಲ್ಲಿ ಒಬ್ಬ ಗುಜರಿಯವನ ಹತ್ತಿರ ಇಂಗ್ಲೆಂಡಿನದೊಂದು ಫ್ರೇಮು ಇದೆ ಎಂದು ಸುದ್ದಿ ತಂದವನು ನಾನು. ತುಕ್ಕು ಹಿಡಿದು ಮೂಲೆಯಲ್ಲಿ ಬಿದ್ದಿತ್ತು. ಸಿದ್ದ ಬೆರಳ ಗೆಣ್ಣಿನಿಂದ ತಟ್ಟಿದ. ಗಂಟೆಯ ಹಾಗೆ ಕೇಳಿಸಿತು. "ತೆಳು ಪೈಪು ಕಣ್ಲಾ, ಇದು ಹಾಲು ಹೊರೋ ಸೈಕಲ್ ಅಲ್ಲ" ಎಂದ. ಬಸ್ಸಿನ ಮೇಲೆ ಕಟ್ಟಿಕೊಂಡು ಬಂದೆವು. ಮೂರು ತಿಂಗಳು ಅದನ್ನು ಉಜ್ಜಿದ. ಸ್ಟ್ಯಾಂಡಿಲ್ಲ, ಕ್ಯಾರಿಯರ್ ಇಲ್ಲ, ಮಡ್ಗಾರ್ಡಿಲ್ಲ, ಬೆಲ್ಲೂ ಇಲ್ಲ. ಹಿಂದಿನ ಬ್ರೇಕನ್ನೂ ಬಿಚ್ಚಿ ಎಸೆದ, ಮುಂದಿನದೊಂದೇ ಉಳಿಯಿತು. ಅಷ್ಟಕ್ಕೂ ತೃಪ್ತಿಯಿಲ್ಲದೆ ತೂಕ ಇಳಿಸಲು ಪೆಡಲಿನ ಚಕ್ರಕ್ಕೆ, ಬ್ರೇಕಿನ ಹಿಡಿಗೆ ಡ್ರಿಲ್ಲಿನಿಂದ ಸಾಲಾಗಿ ತೂತು ಕೊರೆದ. ಎಣಿಸಿ ನೋಡು, ಒಟ್ಟು ನಲವತ್ತಾರು ತೂತು ಇರಬೇಕು. ನಿಮ್ಮವ್ವ ಮಂಚಮ್ಮ ಅದನ್ನು ನೋಡಿ "ಇದೇನ್ಲಾ, ಜರಡಿ ಮಾಡ್ಬುಟ್ಟಿದ್ದೀಯ" ಎಂದಿದ್ದಳು.

ಅದನ್ನು ತೋರಿಸಲು ನಮ್ಮ ಮನೆಗೂ ಬಂದಿದ್ದ. ನಮ್ಮವ್ವ ಎಂದಿನ ಹಾಗೆ ನೀರಿನ ಲೋಟ ಜಗಲಿಯ ಮೇಲಿಟ್ಟು ಒಳಗೆ ಹೋದಳು. ಅವನು ಕುಡಿದು, ತೊಳೆದು, ಬೋರಲು ಹಾಕಿ, ನನ್ನನ್ನು ನೋಡಿ ನಕ್ಕ. ಆಗಿನ ಕಾಲ ಹಾಗಿತ್ತು. ಈಗ ನೆನೆದರೆ ಹೇಗೋ ಆಗುತ್ತದೆ.

ಆಮೇಲಿನದು ನಿನಗೆ ಗೊತ್ತೇ ಇದೆ. ಜಿಲ್ಲಾ ಆಯ್ಕೆಯಲ್ಲಿ ಹದಿನೆಂಟು ಸೆಕೆಂಡಿನ ಅಂತರದಲ್ಲಿ ನಾನು ಗೆದ್ದೆ. ರಾಜ್ಯದ ತಂಡಕ್ಕೆ ಹೋದೆ, ಅಲ್ಲಿಂದ ರೈಲ್ವೆಗೆ. ಎಲ್ಲ ಅದೃಷ್ಟ.

ಸೈಕಲ್ ಕೊಡು, ಜನ ನೋಡಲಿ. ಅವನು ಕೂಗಿದ್ದು ಮುಟ್ಟಬೇಡಿ ಎಂದಲ್ಲ, ಚೈನಿಗೆ ಎಣ್ಣೆ ಬಿಡಿ ಎಂದಿರಬೇಕು.

ನಿಮ್ಮ,
ಹುಚ್ಚೀರಯ್ಯ


ಕೊಪ್ಪ
2 ಸೆಪ್ಟೆಂಬರ್ 2024

ಹುಚ್ಚೀರಣ್ಣನಿಗೆ ವನಜಾಳ ನಮಸ್ಕಾರಗಳು.

ಕಾಗದವನ್ನು ಏಳು ಸಲ ಓದಿಸಿಕೊಂಡಿದ್ದಾನೆ. ಜರಡಿಯ ಮಾತು ಬಂದಾಗ ಬಾಯಿ ಸೊಟ್ಟ ಮಾಡಿ ನಕ್ಕ. ಲಕ್ವ ಹೊಡೆದ ಮೇಲೆ ಅದೇ ಮೊದಲ ನಗು. ತೂತು ಎಣಿಸಿದೆ. ನಲವತ್ತೇಳು. ನಾನು ನಲವತ್ತೇಳು ಎಂದು ಕೂಗಿ ಹೇಳಿದ್ದಕ್ಕೆ ಎಡಗೈ ಎತ್ತಿದ. ಗೆದ್ದವನಂತೆ.

ಚೈನಿಗೆ ಎಣ್ಣೆ ಬಿಟ್ಟೆ. ನೀವು ಹೇಳಿದ್ದು ನಿಜ, ಆಮೇಲೆ ಕೂಗಲಿಲ್ಲ.

ಲೋಟದ ವಿಷಯ ಬರೆದಿದ್ದೀರಿ. ಅದನ್ನೂ ಅವನಿಗೆ ಓದಿ ಹೇಳಿದೆ. ಟೀಚರ್ ಬುದ್ಧಿ, ತಿದ್ದದೆ ಇರಲಾರೆ. ಕಾಲ ಲೋಟ ಇಡುವುದಿಲ್ಲ ಹುಚ್ಚೀರಣ್ಣ, ಮನುಷ್ಯರು ಇಡುತ್ತಾರೆ. ಆದರೆ ನೀವು ನಮ್ಮ ಮನೆಗೆ ಬಂದು ಅವ್ವನ ಕೈಯಿಂದ ಮುದ್ದೆ ಇಸಿದುಕೊಂಡು ತಿನ್ನುತ್ತಿದ್ದಿರಿ. ಅದೂ ನನಗೆ ನೆನಪಿದೆ. ಅದಕ್ಕೇ ನಿಮಗೆ ಬರೆದದ್ದು.

ಪ್ರೀತಂ ಅವರಿಗೆ ನಿಮ್ಮ ಕಾಗದ ತೋರಿಸಿದೆ. ಕುಣಿದಾಡಿಬಿಟ್ಟರು. ಓಟ ಫೆಬ್ರವರಿ ಒಂಬತ್ತು, ಭಾನುವಾರ. ಅವತ್ತು ಗೆದ್ದವರೇ ಬಂದು ಮದ್ದೂರಿನಲ್ಲಿ ಗಡಿಯಾರ ಹಿಡಿದು ಒಬ್ಬೊಬ್ಬರನ್ನೂ ಬಿಡಬೇಕಂತೆ. ಬರುತ್ತೀರಿ ತಾನೆ?

ಅಲ್ಲಿಯವರೆಗೆ ಅಣ್ಣನಿಗಾಗಿ ಇನ್ನೊಂದು ಕೆಲಸ. ಆ ರೇಸಿನ ದಿನವನ್ನು ಬರೆಯಿರಿ. ಅವನು ಅದನ್ನು ನಮ್ಮ ಯಾರ ಮುಂದೆಯೂ ಆಡಿದವನಲ್ಲ. ನಾನೂ ಕೇಳಿದವಳಲ್ಲ. ಈಗ ಕೇಳಬೇಕೆನಿಸುತ್ತಿದೆ.

ವನಜಾ


ಹುಬ್ಬಳ್ಳಿ
30 ಸೆಪ್ಟೆಂಬರ್ 2024

ತಂಗಿ ವನಜಾಗೆ ಆಶೀರ್ವಾದಗಳು.

ತಡವಾಯಿತು. ಮಂಡಿನೋವು, ಮಳೆ, ಮನೆಗೆ ನೆಂಟರು, ಕಾರಣಗಳಿಗೆ ಬರವಿಲ್ಲ.

1986ರ ಜನವರಿ ಹತ್ತೊಂಬತ್ತು, ಭಾನುವಾರ. ಸಂಕ್ರಾಂತಿ ಕಳೆದು ನಾಲ್ಕೈದು ದಿನ. ಮದ್ದೂರಿನ ಹಳೇ ಸೇತುವೆಯ ಹತ್ತಿರ ಹೊರಡುವ ಗೆರೆ, ಮಳವಳ್ಳಿಯಲ್ಲಿ ಮುಗಿಯುವ ಗೆರೆ. ಎರಡು ಕಡೆ ಎರಡು ಗಡಿಯಾರ. ಹಿಂದಿನ ದಿನ ರೇಡಿಯೋ ಮುಂದೆ ಇಟ್ಟು ಎರಡನ್ನೂ ಸರಿಮಾಡಿದ್ದರು. ನಿನಗೆ ಈ ಓಟದ ಕ್ರಮ ಗೊತ್ತಿರಲಿಕ್ಕಿಲ್ಲ. ಎಲ್ಲರೂ ಒಟ್ಟಿಗೆ ಹೊರಡುವುದಿಲ್ಲ. ನಿಮಿಷಕ್ಕೊಬ್ಬ. ಒಂದನೇ ನಂಬರಿನವನು ಏಳು ಗಂಟೆ ಒಂದು ನಿಮಿಷಕ್ಕೆ, ಎರಡನೆಯವನು ಏಳು ಎರಡಕ್ಕೆ. ಯಾರನ್ನೂ ಹಿಂದಿಕ್ಕಬೇಕಾಗಿಲ್ಲ, ಗಡಿಯಾರವನ್ನು ಸೋಲಿಸಿದರೆ ಸಾಕು.

ಸಿದ್ದನದು ಮೂರನೇ ನಂಬರು. ನನ್ನದು ಹನ್ನೆರಡು, ಕೊನೆಯದು. ಪುಟ್ಟಮಾದಯ್ಯ ಮೇಷ್ಟ್ರು, ಡ್ರಿಲ್ ಮೇಷ್ಟ್ರು, ಸೀಟು ಹಿಡಿದು "ಐದು, ನಾಲ್ಕು" ಎಂದು ಎಣಿಸಿ ಬಿಡುತ್ತಿದ್ದರು. ಸಿದ್ದ ಹೊರಡುವಾಗ ನನ್ನ ಕಡೆ ತಿರುಗಿ "ಮಳವಳ್ಳೀಲಿ ಸಿಗ್ತೀನಿ ಕಣ್ಲಾ, ನಿಧಾನಕ್ಕೆ ಬಾ" ಎಂದ. ಅವನ ಬೆನ್ನು ಅಷ್ಟು ಚಪ್ಪಟೆಯಾಗಿ ಬಗ್ಗುತ್ತಿತ್ತು, ಅದರ ಮೇಲೆ ಅಕ್ಕಿ ಹರಡಿ ಕಲ್ಲು ಆರಿಸಬಹುದಿತ್ತು. ಆಮೇಲೆ ಒಬ್ಬೊಬ್ಬರೇ ಹೋದರು. ಪಾಂಡವಪುರದ ಹನ್ನೊಂದನೆಯವನು ಬರಲೇ ಇಲ್ಲ. ನಾನು ಹೊರಟೆ. ದಾರಿಯುದ್ದಕ್ಕೂ ಕಬ್ಬಿನ ಗಾಡಿಗಳು, ಕೆ.ಎಂ.ದೊಡ್ಡಿ ದಾಟುವ ತನಕ ಎತ್ತುಗಳ ಬಾಲ ನೋಡಿದ್ದೇ ನೋಡಿದ್ದು. ತೊಡೆ ಉರಿ, ಬಾಯಲ್ಲಿ ರಕ್ತದ ರುಚಿ. ಅಷ್ಟೇ ನೆನಪು.

ಮಳವಳ್ಳಿಯಲ್ಲಿ ಫಲಿತಾಂಶ ಓದಿದರು. ನಾನು ನಲವತ್ತೆರಡು ನಿಮಿಷ ಐವತ್ತೆರಡು ಸೆಕೆಂಡು, ಸಿದ್ದ ನಲವತ್ಮೂರು ನಿಮಿಷ ಹತ್ತು ಸೆಕೆಂಡು. ಯಾರೂ ನಂಬಲಿಲ್ಲ. ಅಭ್ಯಾಸದಲ್ಲಿ ಅವನನ್ನು ನಾನು ಒಂದು ದಿನವೂ ಮೀರಿಸಿದವನಲ್ಲ. ಅವನು ಬೇವಿನ ಮರದಡಿ ಕೂತಿದ್ದ. ದಾರಿಯಲ್ಲಿ ಎಲ್ಲೋ ಒಂದಿಷ್ಟು ಹೊತ್ತು ಕಳೆದುಕೊಂಡಿರಬೇಕು ಎಂದು ಎಲ್ಲರೂ ಮಾತಾಡಿಕೊಂಡರು. ನಾನೂ ಹೋಗಿ "ಎಲ್ಲಾದ್ರೂ ನಿಂತ್ಯೇನ್ಲಾ" ಎಂದು ಕೇಳಿದೆ. "ಏನಿಲ್ಲ ಕಣ್ಲಾ" ಎಂದ. ಆ ಮೇಲೆ ಅವನು ಯಾವ ರೇಸಿಗೂ ಬರಲಿಲ್ಲ.

ಫೆಬ್ರವರಿಗೆ ಬರುವುದು ಕಷ್ಟ. ಮಂಡಿ ಅಷ್ಟು ದೂರ ಒಪ್ಪುವುದಿಲ್ಲ. ಗೆದ್ದವನಿಗೇನು ಕೋಡೇ? ಬೇರೆ ಯಾರನ್ನಾದರೂ ಕರೆಯಲಿ.

ಹುಚ್ಚೀರಯ್ಯ


ಕೊಪ್ಪ
10 ಅಕ್ಟೋಬರ್ 2024

ಹುಚ್ಚೀರಣ್ಣನಿಗೆ ನಮಸ್ಕಾರ.

ಕಾಗದ ಓದಿದೆ. ಪುಟ್ಟಮಾದಯ್ಯ ಮೇಷ್ಟ್ರು ಎಣಿಸಿದ ಜಾಗಕ್ಕೆ ಬಂದಾಗ ಅಣ್ಣನೂ ಎಣಿಸಿದ. ಐದರಿಂದ ಒಂದರವರೆಗೆ. ಈಗ ನನಗೆ ಆ ಎಣಿಕೆ ಎಲ್ಲಿಯದೆಂದು ತಿಳಿಯಿತು. ಇಷ್ಟು ದಿನ ಅವನು ಸಾವನ್ನು ಎಣಿಸುತ್ತಿದ್ದಾನೆ ಎಂದುಕೊಂಡಿದ್ದೆ.

ಒಂದು ಸಣ್ಣ ಪ್ರಶ್ನೆ. ನಿಮ್ಮಂಥವರಿಗೇ ಗೊತ್ತಿರುವುದು. ಅಂಥ ಓಟದಲ್ಲಿ, ಅಂಥ ಸೈಕಲ್ಲಿನಲ್ಲಿ ಜೋರಾಗಿ ಬರುತ್ತಿರುವವನು ಬ್ರೇಕ್ ಹಾಕಿ ನಿಂತು, ಒಂದು ಲೋಟ ಪಾನಕ ಕುಡಿದು, ಮತ್ತೆ ಹತ್ತಿ ಮೊದಲಿನ ವೇಗಕ್ಕೆ ಬರಬೇಕಾದರೆ ಎಷ್ಟು ಹೊತ್ತು ಹೋಗುತ್ತದೆ? ಸೆಕೆಂಡಿನ ಲೆಕ್ಕದಲ್ಲಿ ಹೇಳಿ.

ವನಜಾ


ಹುಬ್ಬಳ್ಳಿ
17 ಅಕ್ಟೋಬರ್ 2024

ತಂಗಿ ವನಜಾಗೆ,

ಪ್ರೀತಂ ಮೇಷ್ಟ್ರು ದಾರಿಯಲ್ಲಿ ಪಾನಕದ ವ್ಯವಸ್ಥೆ ಮಾಡುತ್ತಿದ್ದಾರೇನು? ಬೇಡವೆಂದು ಹೇಳು!

ನಿಲ್ಲುವುದಕ್ಕೆ ಐದು, ಕುಡಿಯುವುದಕ್ಕೆ ಹತ್ತು, ಮತ್ತೆ ಓಟ ಹಿಡಿಯುವುದಕ್ಕೆ ಹತ್ತು. ಇಪ್ಪತ್ತೈದು ಸೆಕೆಂಡು ಖಂಡಿತ. ಲಯ ತಪ್ಪಿದ್ದನ್ನೂ ಸೇರಿಸಿದರೆ ಅರ್ಧ ನಿಮಿಷ. ಅಷ್ಟು ಸಾಕು, ಗೆಲ್ಲುವವನು ಸೋಲುತ್ತಾನೆ. ಗಡಿಯಾರದ ಓಟದಲ್ಲಿ ಪಾನಕ ಕುಡಿಯಲು ನಿಲ್ಲುವವನು ರೇಸಿಗೆ ಬರಬಾರದು, ಮದುವೆಗೆ ಹೋಗಬೇಕು. ಸಿದ್ದನಿಗೆ ಓದಿ ಹೇಳು, ನಗುತ್ತಾನೆ.

ಚಳಿ ಶುರುವಾಯಿತು. ಅವನ ಕಾಲಿಗೆ ಎಳ್ಳೆಣ್ಣೆ ತಿಕ್ಕು.

ಹುಚ್ಚೀರಯ್ಯ


ಹುಬ್ಬಳ್ಳಿ
25 ನವೆಂಬರ್ 2024

ತಂಗಿ ವನಜಾಗೆ,

ಐದು ವಾರವಾಯಿತು, ನಿನ್ನಿಂದ ಒಂದು ಸಾಲಿಲ್ಲ. ಸಿದ್ದ ಹೇಗಿದ್ದಾನೆ?

ಚಿಕ್ಕಣ್ಣನಿಗೆ ಫೋನು ಮಾಡಿ ಕೊಪ್ಪಕ್ಕೆ ಹೋಗಿ ನೋಡಿ ಬಾ ಎನ್ನಬೇಕೆಂದು ಎರಡು ಸಲ ಕೈಗೆತ್ತಿಕೊಂಡೆ, ಇಟ್ಟುಬಿಟ್ಟೆ. ನಿನ್ನ ಆ ಸೆಕೆಂಡುಗಳ ಪ್ರಶ್ನೆಯನ್ನು ಮತ್ತೆ ಮತ್ತೆ ಓದಿದೆ. ಮೊದಲು ತಮಾಷೆಗೆ ತೆಗೆದುಕೊಂಡೆ. ಈಗ ಹಾಗನ್ನಿಸುತ್ತಿಲ್ಲ. ಆ ರೇಸಿನ ಲೆಕ್ಕದ ಬಗ್ಗೆ ಯಾರಾದರೂ ನಿನಗೆ ಏನಾದರೂ ಹೇಳಿದ್ದಾರೆಯೇ? ಪ್ರೀತಂ ಮೇಷ್ಟ್ರಿಗೆ ಹಳೇ ಕಾಗದ ಪತ್ರ ಏನಾದರೂ ಸಿಕ್ಕಿತೇ? ಮನಸ್ಸಿನಲ್ಲಿ ಇಟ್ಟುಕೊಂಡು ಸುತ್ತಿ ಬಳಸಿ ಕೇಳಬೇಡ ತಾಯಿ. ನೇರವಾಗಿ ಬೈದು ಬರೆ.

ಹುಚ್ಚೀರಯ್ಯ


ಹುಬ್ಬಳ್ಳಿ
28 ಡಿಸೆಂಬರ್ 2024

ವನಜಮ್ಮನವರಿಗೆ,

ನಿಮ್ಮ ಮೌನದ ಅರ್ಥ ನನಗಾಗಿದೆ. ನಿಮಗೆ ಗೊತ್ತಾಗಿದೆ. ಬೇರೆಯವರ ಬಾಯಿಂದ ಗೊತ್ತಾಗುವ ಮೊದಲು ನಾನೇ ಹೇಳಬೇಕಿತ್ತು, ಅದಕ್ಕೂ ತಡಮಾಡಿದೆ. ಇದನ್ನು ಸಿದ್ದನ ಮುಂದೆ ಗಟ್ಟಿಯಾಗಿ ಓದಿ. ಯಾವ ಸಾಲನ್ನೂ ಬಿಡಬೇಡಿ.

ಹನ್ನೊಂದನೆಯವನು ಬರಲಿಲ್ಲ ಎಂದು ಬರೆದಿದ್ದೆನಲ್ಲ. ಎಲ್ಲ ಇದ್ದದ್ದು ಅಲ್ಲಿಯೇ. ಗಡಿಯಾರದ ಓಟದಲ್ಲಿ ಬಾರದವನ ನಿಮಿಷವನ್ನು ಖಾಲಿ ಬಿಡಬೇಕು. ಅವನು ಇರಲಿ ಇಲ್ಲದಿರಲಿ ಅದು ಅವನದು. ಪುಟ್ಟಮಾದಯ್ಯ ಮೇಷ್ಟ್ರಿಗೆ ಅದು ಹೊಸದು. ರೇಷನ್ ಅಂಗಡಿಯ ಸಾಲಿನಲ್ಲಾಗಲಿ, ಬಸ್ಸಿನ ಸಾಲಿನಲ್ಲಾಗಲಿ, ಮುಂದಿನವನು ಇಲ್ಲದಿದ್ದರೆ ಹಿಂದಿನವನು ಮುಂದೆ ಬರುವುದೇ ನಮ್ಮೂರ ನ್ಯಾಯ. "ಅನ್ನೊಂದ್ ಇಲ್ವಾ? ಬುಡು ಅತ್ಲಾಗೆ, ಅನ್ನೆರಡ್ ಬಾರ್ಲಾ ಮುಂದಕ್ಕೆ" ಎಂದರು. ನಾನು ಹೋದೆ. ಏಳು ಹನ್ನೆರಡಕ್ಕೆ ಹೊರಡಬೇಕಾದವನು ಏಳು ಹನ್ನೊಂದಕ್ಕೆ ಹೊರಟೆ. ಮಳವಳ್ಳಿಯವರ ಕೈಯಲ್ಲಿದ್ದ ಪಟ್ಟಿಯಲ್ಲಿ ಹನ್ನೆರಡಕ್ಕೆ ಎಂದೇ ಇತ್ತು. ಅವರು ಅದರಂತೆ ಕಳೆದರು. ನನಗೆ ಒಂದು ನಿಮಿಷ ಪುಕ್ಕಟೆ ಸಿಕ್ಕಿತು.

ಗೆರೆಯ ಮೇಲಿದ್ದಾಗ ನನಗೆ ಹೊಳೆದಿರಲಿಲ್ಲ, ನನ್ನ ಮಕ್ಕಳ ಆಣೆ. ಫಲಿತಾಂಶ ಓದಿದಾಗ ಹೊಳೆಯಿತು. ಹತ್ತನೆಯವನ ಹಿಂದೆಯೇ ಹೊರಟಿದ್ದೆನಲ್ಲ ಎಂದು. ನನ್ನ ನಿಜವಾದ ಲೆಕ್ಕ ನಲವತ್ಮೂರು ನಿಮಿಷ ಐವತ್ತೆರಡು ಸೆಕೆಂಡು. ಸಿದ್ದ ನನಗಿಂತ ನಲವತ್ತೆರಡು ಸೆಕೆಂಡು ಮುಂದಿದ್ದ. ಅವನು ಬೇವಿನ ಮರದಡಿ ಕೂತಿದ್ದ. ಹತ್ತು ಹೆಜ್ಜೆ ದೂರ. ನಾನು ಹೋಗಿ ಹೇಳಬೇಕಾದ ಮಾತನ್ನು ನುಂಗಿಕೊಂಡು "ಎಲ್ಲಾದ್ರೂ ನಿಂತ್ಯೇನ್ಲಾ" ಎಂದು ಕೇಳಿದೆ. ನನ್ನ ಇಡೀ ಬದುಕಿನ ನೀಚತನ ಆ ಒಂದು ಪ್ರಶ್ನೆಯಲ್ಲಿದೆ.

ಆಮೇಲೆ ಹಾರ ಹಾಕಿದರು. ನಮ್ಮಪ್ಪ ಊರೆಲ್ಲ ಸಕ್ಕರೆ ಹಂಚಿದ. ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎನ್ನುವಷ್ಟರಲ್ಲಿ ರೈಲ್ವೆಯ ಆದೇಶ ಬಂತು. ಅವನು ಊರಿನಲ್ಲಿ ಬೇರೆಯವರ ಸೈಕಲ್ಲಿಗೆ ಪಂಕ್ಚರ್ ಹಾಕಿಕೊಂಡಿದ್ದ. ನಾನು ಊರಿಗೆ ಬಂದರೂ ಕೊಪ್ಪದ ಕಡೆ ತಲೆ ಹಾಕಲಿಲ್ಲ. ನಿಮಗೆ ಬರೆದ ಮಂಡಿನೋವು ಸುಳ್ಳು. ಮಂಡಿ ಗಟ್ಟಿಯಾಗಿದೆ.

ಸಿದ್ದ ಏನು ಮಾಡುತ್ತಾನೆ ಎಂದು ತಿಳಿಸಿ. ಎಡಗೈ ಎತ್ತಿದರೂ ಸರಿ, ಮುಖ ತಿರುಗಿಸಿದರೂ ಸರಿ. ನನ್ನನ್ನು ಕ್ಷಮಿಸಬಹುದಾದರೆ ಕ್ಷಮಿಸಿ.

ಹುಚ್ಚೀರಯ್ಯ


ಕೊಪ್ಪ
19 ಜನವರಿ 2025

ಹುಚ್ಚೀರಯ್ಯನವರಿಗೆ,

ಅಣ್ಣ ಡಿಸೆಂಬರ್ ಹದಿನಾಲ್ಕರ ಬೆಳಿಗ್ಗೆ ತೀರಿಕೊಂಡ. ಬುದ್ಧವಂದನೆ ಹೇಳಿ, ಅಪ್ಪ ಅವ್ವನ ಪಕ್ಕದಲ್ಲೇ ಮಣ್ಣು ಮಾಡಿದೆವು. ನೀವು ಆ ಕಾಗದ ಬರೆಯಲು ಕೂತಾಗ ಅವನು ಹೋಗಿ ಎರಡು ವಾರವಾಗಿತ್ತು.

ನನಗೆ ಏನೂ ಗೊತ್ತಾಗಿರಲಿಲ್ಲ. ಯಾರೂ ಏನೂ ಹೇಳಿರಲಿಲ್ಲ. ಯಾವ ಹಳೇ ಕಾಗದವೂ ಸಿಕ್ಕಿರಲಿಲ್ಲ. ನನ್ನ ಮೌನಕ್ಕೆ ಕಾರಣ ಬೇರೆ. ಅದನ್ನು ಇಂದು ಬರೆಯುತ್ತೇನೆ, ಇವತ್ತಿಗೆ ಆ ರೇಸಿಗೆ ಮೂವತ್ತೊಂಬತ್ತು ವರ್ಷ.

ಅವತ್ತು ನನಗೆ ಹದಿನಾಲ್ಕು. "ದಾರೀಗೆ ಅಡ್ಡ ಓಗ್ಬೇಡಿ" ಎಂದು ಅಪ್ಪ ಹೇಳಿದ್ದರೂ ಕೇಳದೆ, ಒಂದು ಚೊಂಬು ನಿಂಬೆಹಣ್ಣಿನ ಪಾನಕ ಮಾಡಿಕೊಂಡು ಮೊದಲ ಬಸ್ಸಿಗೆ ಹೋದೆ. ಕೆ.ಎಂ.ದೊಡ್ಡಿ ದಾಟಿ, ಮೈಲಿಕಲ್ಲಿನ ಹತ್ತಿರ ನಿಂತೆ. ಅಣ್ಣ ಬರುವುದು ಕಂಡಿತು. ಲೋಟ ಹಿಡಿದು ರಸ್ತೆಯ ನಡುವಿಗೇ ಓಡಿದೆ. ಅವನಿಗಿದ್ದದ್ದು ಒಂದೇ ಬ್ರೇಕು. ನನ್ನ ಮೇಲೆ ಹತ್ತಿಸಬೇಕಿತ್ತು, ಇಲ್ಲ ನಿಲ್ಲಬೇಕಿತ್ತು. ನಿಂತ. ಬೈಯಲಿಲ್ಲ. ಪೂರ್ತಿ ಕುಡಿದ. "ಚೆನ್ನಾಗದೆ ಕಣಮ್ಮ" ಎಂದು ಹೇಳಿ, ಲೋಟವನ್ನು ನನ್ನ ಕೈಗೇ ಕೊಟ್ಟು ಹೋದ.

ಸಂಜೆ ಹದಿನೆಂಟು ಸೆಕೆಂಡು ಎಂಬ ಸುದ್ದಿ ಬಂತು. ಅವ್ವ ನನ್ನನ್ನು ಹಿಡಿದು "ನೀನೇ ಕಣೇ ಕೆಡ್ಸಿದ್ದು, ಅವ್ನ ಬಾಳ್ನೇ ಕೆಡಿಸ್ಬುಟ್ಟೆ" ಎಂದಳು. "ಬುಡವ್ವ, ಮಗೀನ್ ಯಾಕಂತೀಯ" ಎಂದ ಅಣ್ಣ. ಅಷ್ಟೇ. ಆ ಮೇಲೆ ಆ ಮಾತು ನಮ್ಮ ಮನೆಯಲ್ಲಿ ಬರಲಿಲ್ಲ. ಆದರೆ ಮಾರನೆಯ ದಿನದಿಂದ ನಾನು ಅವನ ಕೈಗೆ ಏನನ್ನೂ ಕೊಡಲಿಲ್ಲ. ನೀರಿರಲಿ, ಟೀ ಇರಲಿ, ಪಕ್ಕದಲ್ಲಿಟ್ಟು ಹೋಗುತ್ತಿದ್ದೆ. ಅವನು ಎತ್ತಿಕೊಂಡು ಕುಡಿಯುತ್ತಿದ್ದ. ಯಾಕೆ ಎಂದು ಅವನೂ ಕೇಳಲಿಲ್ಲ. ಬೇರೆಯವರ ಜಗಲಿಯ ಮೇಲೆ ಇಟ್ಟ ಲೋಟ ಎತ್ತಿ ಕುಡಿದವನಿಗೆ ಸ್ವಂತ ಮನೆಯಲ್ಲೂ ನಾನು ಅದನ್ನೇ ಮಾಡಿದೆ.

ಲಕ್ವ ಹೊಡೆದ ಮೇಲೆ ಇಟ್ಟು ಹೋಗುವ ಹಾಗಿರಲಿಲ್ಲ. ಚಮಚದಲ್ಲಿ ಬಾಯಿಗೆ ಹಾಕಬೇಕಿತ್ತು. ಪ್ರತಿ ಚಮಚಕ್ಕೂ ಆ ಪಾನಕದ ಲೋಟ ನೆನಪಾಗುತ್ತಿತ್ತು. ಅದಕ್ಕೇ ನಿಮ್ಮನ್ನು ಆ ಪ್ರಶ್ನೆ ಕೇಳಿದೆ. ಎಂಟೋ ಹತ್ತೋ ಸೆಕೆಂಡು ಎಂದು ನೀವು ಬರೆಯುತ್ತೀರಿ, ಆಗ ತಪ್ಪು ನನ್ನದಲ್ಲ ಎಂದಾಗುತ್ತದೆ ಎಂದು ಆಸೆಪಟ್ಟೆ. ನಿಮ್ಮ ಕಾಗದ ಬಂದಾಗ ಮೊದಲು ನಾನೊಬ್ಬಳೇ ಓದಿಕೊಳ್ಳಬೇಕಿತ್ತು. ಎಂದಿನ ಹಾಗೆ ಒಡೆದು ಅವನ ಮುಂದೆಯೇ ಗಟ್ಟಿಯಾಗಿ ಓದಿದೆ. ಇಪ್ಪತ್ತೈದು ಸೆಕೆಂಡು. ಅರ್ಧ ನಿಮಿಷ. ಮದುವೆಗೆ ಹೋಗಬೇಕು. ಅಷ್ಟೂ ಓದಿಬಿಟ್ಟೆ.

ಅವನು ನಗಲಿಲ್ಲ. ನನ್ನನ್ನೇ ನೋಡುತ್ತಿದ್ದ. ಆ ಸಂಜೆ ಗಂಜಿ ಹಿಡಿದುಕೊಂಡು ಹೋದರೆ ಬಾಯಿ ತೆರೆಯಲಿಲ್ಲ. ನುಂಗುವ ಶಕ್ತಿ ಕಡಿಮೆಯಾಗುತ್ತಿದೆ, ಅದು ಕಾಯಿಲೆಯ ಲಕ್ಷಣ ಎಂದು ಡಾಕ್ಟರು ಹೇಳಿದರು. ಇದ್ದೀತು. ನನಗೆ ಹಾಗೆ ಕಾಣಿಸಲಿಲ್ಲ. ಮೂವತ್ತೊಂಬತ್ತು ವರ್ಷದ ಮೇಲೆ ಅವನು ನನ್ನ ಕೈಯಿಂದ ತೆಗೆದುಕೊಳ್ಳುವುದಿಲ್ಲ ಎಂದು ಹೇಳಿದ ಹಾಗೆ ಕಾಣಿಸಿತು. ಆಮೇಲೆ ಶ್ವೇತ ಉಣಿಸುತ್ತಿದ್ದಳು. ನಾನು ಬಾಗಿಲ ಹತ್ತಿರ ನಿಲ್ಲುತ್ತಿದ್ದೆ. ನಿಮಗೆ ಬರೆಯಲು ಕೈ ಬರಲಿಲ್ಲ. ನವೆಂಬರಿನ ಕಾಗದವನ್ನು ಆಗ ಒಡೆಯಲೇ ಇಲ್ಲ.

ಜನವರಿ ಮೂರಕ್ಕೆ ಬಂದದ್ದನ್ನು ಒಡೆದೆ. ಸಾವಿನ ಸುದ್ದಿ ತಿಳಿದು ಬರೆದಿದ್ದೀರಿ ಎಂದುಕೊಂಡು. ಓದಿ ಮುಗಿಸಿ, ಅಂಗಡಿಯ ಬೀಗ ತೆಗೆದು, ಸೈಕಲ್ಲಿನ ಮುಂದೆ ನಿಂತು ಪೂರ್ತಿ ಗಟ್ಟಿಯಾಗಿ ಓದಿದೆ. ಓದಿ ಎಂದು ನೀವು ಹೇಳಿದ್ದಿರಿ, ಯಾವ ಸಾಲನ್ನೂ ಬಿಡಲಿಲ್ಲ.

ನನ್ನ ಪಾನಕ ಕುಡಿದೂ, ಅರ್ಧ ನಿಮಿಷ ನಿಂತೂ, ನನ್ನ ಅಣ್ಣ ನಿಮಗಿಂತ ನಲವತ್ತೆರಡು ಸೆಕೆಂಡು ಮುಂದಿದ್ದ. ಇದೊಂದು ವಾಕ್ಯ. ಇದನ್ನು ನೀವು ಆಗಸ್ಟಿನ ಕಾಗದದಲ್ಲಿ ಬರೆದಿದ್ದರೆ ಅವನು ಕೇಳಿಸಿಕೊಳ್ಳುತ್ತಿದ್ದ. ಸೆಪ್ಟೆಂಬರಿನದರಲ್ಲಿ ಬರೆದಿದ್ದರೂ ಕೇಳಿಸಿಕೊಳ್ಳುತ್ತಿದ್ದ. ಕೊನೆಯ ಎರಡು ತಿಂಗಳೂ ನಾನೇ ಅವನಿಗೆ ಉಣಿಸಬಹುದಿತ್ತು. ನಿಮ್ಮ ನೌಕರಿ, ನಿಮ್ಮ ಹಾರ, ಅವು ನನಗೆ ಬೇಡ. ಈ ಎರಡು ತಿಂಗಳನ್ನು ಯಾರು ಕೊಡುತ್ತಾರೆ?

ಕ್ಷಮೆ ಕೇಳಿದ್ದೀರಿ. ಅದು ನನ್ನ ಹತ್ತಿರ ಇಲ್ಲ. ಇದ್ದವನು ಹೋದ.

ಆದರೆ ಮಂಡಿ ಗಟ್ಟಿಯಾಗಿದೆ ಎಂದು ಬರೆದಿದ್ದೀರಿ. ಹಾಗಾದರೆ ಫೆಬ್ರವರಿ ಒಂಬತ್ತಕ್ಕೆ ಬನ್ನಿ. ಹೊರಡುವ ಮೊದಲು ನನಗೆ ಬರೆದದ್ದನ್ನು ಎಲ್ಲರ ಮುಂದೆ ಹೇಳಿ. ಪಟ್ಟಿಯಲ್ಲಿ ಮೂರನೇ ನಂಬರನ್ನು ಅಣ್ಣನ ಹೆಸರಿಗೆ ಬರೆಸಿದ್ದೇನೆ. ಗಡಿಯಾರ ನೀವು ಹಿಡಿಯಿರಿ. ಅವನ ನಿಮಿಷ ಬಂದಾಗ ಅವನ ಹೆಸರು ಕೂಗಿ, ಎಣಿಸಿ, ಆ ನಿಮಿಷವನ್ನು ಖಾಲಿ ಬಿಡಿ. ಯಾರನ್ನೂ ಕಳಿಸಬೇಡಿ.

ನಾನು ಮದ್ದೂರಿಗೆ ಬರುವುದಿಲ್ಲ. ದೊಡ್ಡಿಯ ಮೈಲಿಕಲ್ಲಿನ ಹತ್ತಿರ ಪಾನಕ ಇಟ್ಟುಕೊಂಡು ನಿಂತಿರುತ್ತೇನೆ. ನಿಂತವರಿಗೆಲ್ಲ ಕೈಗೇ ಕೊಡುತ್ತೇನೆ.

ವನಜಾ


ಹುಬ್ಬಳ್ಳಿ
12 ಫೆಬ್ರವರಿ 2025

ವನಜಮ್ಮನವರಿಗೆ,

ಮದ್ದೂರಿನಲ್ಲಿ ನಡೆದದ್ದನ್ನು ನೀವು ನೋಡಲಿಲ್ಲ. ಬೇರೆಯವರು ಹೇಳಿರುತ್ತಾರೆ, ಆದರೂ ನಾನು ಬರೆಯಬೇಕು.

ಆರೂವರೆಗೆ ಅರವತ್ತು ಎಪ್ಪತ್ತು ಜನ ಸೇರಿದ್ದರು. ಮೈಕು ಹಿಡಿದು ಹೇಳಿದೆ. ಹನ್ನೊಂದನೆಯವನ ನಿಮಿಷ, ಪಟ್ಟಿ, ಬೇವಿನ ಮರ, ಎಲ್ಲ. ಹಿಂದೆ ಯಾರೋ "ಅಯ್ಯೋ, ಈಗ್ಯಾಕ್ ಬುಡಿ ಯಜಮಾನ್ರೇ, ಆಗೋಯ್ತಲ್ಲ" ಎಂದರು. ಅದು ನನ್ನದೇ ದನಿ ಎನಿಸಿತು, ಇಷ್ಟು ವರ್ಷ ಅದನ್ನೇ ನಾನು ನನಗೆ ಹೇಳಿಕೊಂಡು ಬಂದದ್ದು. ಗೆದ್ದವನು ಕೊಪ್ಪದ ಸಿದ್ದರಾಜು ಎಂದು ಮೂರು ಸಲ ಹೇಳಿ ಮೈಕು ಕೆಳಗಿಟ್ಟೆ. ಚಪ್ಪಾಳೆ ಹೊಡೆಯುವುದೋ ಬೇಡವೋ ಯಾರಿಗೂ ತಿಳಿಯಲಿಲ್ಲ.

ಪ್ರೀತಂ ಅವರು ಸಿದ್ದನ ಸೈಕಲ್ ತಂದುಕೊಟ್ಟರು. ಏಳು ಎರಡಕ್ಕೆ ಎರಡನೆಯವರನ್ನು ಬಿಟ್ಟು, ಸೈಕಲ್ಲನ್ನು ಗೆರೆಯ ಮೇಲೆ ನಿಲ್ಲಿಸಿದೆ. ಸೀಟು ಹಿಡಿದುಕೊಂಡೆ. "ಮೂರನೇ ನಂಬರು, ಸಿದ್ದರಾಜು, ಕೊಪ್ಪ." ಐದು, ನಾಲ್ಕು, ಮೂರು, ಎರಡು, ಒಂದು. ಎಣಿಸಿದವನೇ ಬಿಡಬೇಕು, ಕೈ ಅಭ್ಯಾಸದಿಂದ ಬಿಡಲು ಹೋಯಿತು, ಮತ್ತೆ ಗಟ್ಟಿಯಾಗಿ ಹಿಡಿದೆ. ಯಾರೂ ಹೋಗಲಿಲ್ಲ. ಅಷ್ಟರಲ್ಲಿ ನಾಲ್ಕನೆಯವರು ಮುಂದೆ ಯಾರೂ ಇಲ್ಲದ್ದನ್ನು ನೋಡಿ ಸೈಕಲ್ ತಳ್ಳಿಕೊಂಡು ಗೆರೆಯ ಹತ್ತಿರ ಬಂದರು. ತಪ್ಪು ಅವರದಲ್ಲ, ನಮ್ಮೂರ ನ್ಯಾಯ. ಕೈ ಅಡ್ಡ ಹಿಡಿದೆ. "ಇದು ನಿಮ್ದಲ್ಲ ಕಣ್ರೀ, ನಿಂತ್ಕಳಿ" ಎಂದೆ. ಈ ಮಾತು ಹೇಳಲು ನನಗೆ ಮೂವತ್ತೊಂಬತ್ತು ವರ್ಷ ಬೇಕಾಯಿತು.

ಒಂದು ನಿಮಿಷ ಅಷ್ಟು ಉದ್ದವಿರುತ್ತದೆಂದು ನನಗೆ ಗೊತ್ತಿರಲಿಲ್ಲ. ಇನ್ನೂ ಇಪ್ಪತ್ತು ಸೆಕೆಂಡು ಉಳಿದಿರುವಾಗ ಅಳು ಬಂತು. ಗಡಿಯಾರ ಕಾಣದ ಹಾಗಾಗಿ ಪ್ರೀತಂ ಅವರು ನೋಡಿ ಹೇಳಬೇಕಾಯಿತು.

ಎಲ್ಲರನ್ನೂ ಬಿಟ್ಟ ಮೇಲೆ ಪ್ರೀತಂ ಅವರ ಕಾರಿನಲ್ಲಿ ದೊಡ್ಡಿಗೆ ಬಂದೆ. ನೀವು ಮೈಲಿಕಲ್ಲಿನ ಹತ್ತಿರ ನಿಂತಿದ್ದಿರಿ. ಗಡಿಯಾರದ ಓಟ ಎಂಬುದನ್ನೇ ಮರೆತು ಒಬ್ಬೊಬ್ಬರೂ ನಿಲ್ಲಿಸಿ ಕುಡಿಯುತ್ತಿದ್ದರು. ಎಲ್ಲರಿಗೂ ಕೈಗೇ ಕೊಡುತ್ತಿದ್ದಿರಿ. ನಾನು ಬಂದು ನಿಂತೆ. ನೀವು ನೋಡಿದಿರಿ. ಲೋಟಕ್ಕೆ ತುಂಬಿಸಿ, ಮೈಲಿಕಲ್ಲಿನ ಮೇಲಿಟ್ಟು, ಮುಂದಿನವರ ಕಡೆ ತಿರುಗಿದಿರಿ.

ಪಾನಕ ಚೆನ್ನಾಗಿತ್ತು. ಹೇಳಲು ಬಾಯಿ ಬರಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಪಕ್ಕದ ಕೊಡದ ನೀರಿನಲ್ಲಿ ಲೋಟ ತೊಳೆದು, ಕಲ್ಲಿನ ಮೇಲೆ ಬೋರಲು ಹಾಕಿ ಬಂದೆ.

ಹುಚ್ಚೀರಯ್ಯ